ನೂರಾ ಮೂವತ್ತೆಂಟನೇ ನೆಗೆಟಿವ್

೧೯೫೯ನೇ ಇಸವಿ ಜುಲೈ ಹದಿನಾಲ್ಕು, ಮಂಗಳವಾರ. ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಪುಟ್ಟಸ್ವಾಮಿ ಎಂಬಾತ ಏದುಸಿರು ಬಿಡುತ್ತ ಕೃಷ್ಣಮೂರ್ತಿಪುರಂ ಠಾಣೆಯ ಮೆಟ್ಟಿಲು ಹತ್ತಿದ. ದಟ್ಟಗಳ್ಳಿಯ ಒಕ್ಕಲು ಮನೆತನದವನು. ಪಾಲಿಗೆ ಬಂದ ಜಮೀನು ಮಾರಿ, ಎಂಟು ತಿಂಗಳ ಹಿಂದೆ ಹೆಂಡತಿಯ ಹೆಸರಿನಲ್ಲಿ ಸರ್ವಮಂಗಳಾ ಸ್ಟುಡಿಯೋ ತೆರೆದಿದ್ದ. ರಾತ್ರಿ ಯಾರೋ ಅದರ ಬೀಗ ಮುರಿದು ನುಗ್ಗಿದ್ದಾರೆಂದು ಅವನ ದೂರು.

ಇನ್ಸ್‌ಪೆಕ್ಟರ್ ನಂಜುಂಡಸ್ವಾಮಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ದೂರು ಕೊಟ್ಟವನನ್ನೇ ಮೊದಲು ಅನುಮಾನಿಸುವುದು ಅವರ ಹದಿನೆಂಟು ವರ್ಷದ ಚಾಳಿ. ಮನೆಯಲ್ಲಿ ಕೇಳದೆ ಎರಡನೇ ಲೋಟ ಕಾಫಿ ಕೊಟ್ಟರೂ, ಇವತ್ತೇನು ವಿಶೇಷ ಎಂದು ಹೆಂಡತಿಯ ಮುಖ ನೋಡುವ ಆಸಾಮಿ.

"ಏನೇನು ಹೋಗಿದೆ?"

"ಒಂದು ಫೋಟೋ, ಒಂದು ನೆಗೆಟಿವ್ ಸಾರ್."

"ಕ್ಯಾಮರಾ?"

"ಐತೆ."

"ದುಡ್ಡು?"

"ಗಲ್ಲಾದಲ್ಲಿದ್ದ ಹದಿನೇಳು ರೂಪಾಯಿ ಅಂಗೇ ಐತೆ."

"ಯಾರ ಮೇಲೆ ಗುಮಾನಿ?"

"ಇನ್ಯಾರು ಸಾರ್, ಎದುರುಗಡೆ ಸ್ಟುಡಿಯೋ ಅಶ್ವತ್ಥನೋರು. ನಾನು ಬಾಗ್ಲು ತೆಗೆದಾಗ್ಲಿಂದ ಅವರಿಗೆ ಹೊಟ್ಟೆಯುರಿ ಕಣ್ರೀ."

ಹೆಡ್ ಕಾನ್‌ಸ್ಟೇಬಲ್ ಚಿಕ್ಕಣ್ಣ ಎಫ್.ಐ.ಆರ್. ಬರೆದುಕೊಂಡ. ಒಂದು ಫೋಟೋಗೆ ಇಷ್ಟು ಉದ್ದದ ಕಾಗದವೇ ಎಂದು ಅವನ ಮುಖವೇ ಹೇಳುತ್ತಿತ್ತು.

ಒಂಬತ್ತೂವರೆಗೆ ಇಬ್ಬರು ಪಂಚರ ಎದುರು ಪಂಚನಾಮೆ ಆಯಿತು. ಬಾಗಿಲ ಬೀಗ ಕಬ್ಬಿಣದ ಸಲಾಕೆಯಿಂದ ಮೀಟಿ ಮುರಿದದ್ದು. ಬೀದಿಗೆ ಕಾಣುವ ಷೋಕೇಸಿನಲ್ಲಿ ಸಾಲಾಗಿ ನಾಲ್ಕು ಫೋಟೋಗಳಿದ್ದ ಜಾಗದಲ್ಲಿ ಮೂರೇ ಉಳಿದಿದ್ದವು. ಒಳಗೆ ನೆಗೆಟಿವ್ ಪೆಟ್ಟಿಗೆಯಲ್ಲಿ ನೂರಾ ಮೂವತ್ತೆಂಟನೇ ಲಕೋಟೆ ಮಾತ್ರ ಇರಲಿಲ್ಲ. ಬೇರೊಂದು ಲಕೋಟೆಯನ್ನೂ ಕಳ್ಳ ಕೆದಕಿರಲಿಲ್ಲ. ಮೇಲೆ ದರಪಟ್ಟಿಯ ಹಲಗೆ: ಕಾರ್ಡ್ ಸೈಜ್ ಮೂರು ಪ್ರತಿಗೆ ಎರಡೂವರೆ ರೂಪಾಯಿ, ಕೋಟು ಉಚಿತ.

ಎದುರು ಸ್ಟುಡಿಯೋದ ಅಶ್ವತ್ಥ ನಶ್ಯದ ಡಬ್ಬಿ ಮುಚ್ಚಿ, ಕುರ್ಚಿ ಸರಿಸಿ ಇನ್ಸ್‌ಪೆಕ್ಟರರನ್ನು ಕೂರಿಸಿದರು. ಇಪ್ಪತ್ತು ವರ್ಷದಿಂದ ಅದೇ ಬೀದಿಯಲ್ಲಿದ್ದವರು.

"ಅವನ ಮೇಲೆ ಮುನಿಸಿಪಾಲಿಟಿಗೆ ಅರ್ಜಿ ಹಾಕಿದ್ರಂತೆ?"

"ಹಾಕಿದ್ದೆ. ಅವನ ಲೈಸೆನ್ಸ್ ಸರಿಯಾಗಿದೆ ಅಂತ ಉತ್ತರ ಬಂತು. ಸುಮ್ಮನಾದೆ."

"ಅಷ್ಟಕ್ಕೇ?"

"ಲೆಕ್ಕ ಹಾಕಿ ನೋಡಿ. ಫಿಲ್ಮು, ಕಾಗದ, ತೊಳೆಯೋ ಔಷಧಿ, ಟಚಿಂಗ್ ಮಾಡಿ ಮುಖ ತಿದ್ದೋನ ಕೂಲಿ, ಎಲ್ಲ ಸೇರಿ ಎರಡೂಕಾಲು ಬೀಳತ್ತೆ. ಎರಡೂವರೆಗೆ ಮಾರಿದ್ರೆ ಅಂಗಡಿ ಬಾಡಿಗೆ ಯಾರು ಕಟ್ತಾರೆ? ವರ್ಷದೊಳಗೆ ತಾನಾಗಿ ಬಾಗಿಲು ಹಾಕ್ತಾನೆ. ನಾನ್ಯಾಕೆ ಮುರೀಲಿ?"

ಮಾತು ನಿಜವೆನ್ನಿಸಿತು. ಹೊಟ್ಟೆಯುರಿಯವನಾಗಿದ್ದರೆ ಕ್ಯಾಮರಾ ಒಡೆಯುತ್ತಿದ್ದ, ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಿದ್ದ. ಆದರೆ ಕಾಲು ರೂಪಾಯಿ ಲಾಭದಲ್ಲಿ ಪುಟ್ಟಸ್ವಾಮಿ ಎಂಟು ತಿಂಗಳು ನಡೆಸಿದ್ದಾದರೂ ಹೇಗೆ? ಇನ್ಸ್‌ಪೆಕ್ಟರರ ಅನುಮಾನ ರಸ್ತೆ ದಾಟಿ ಮತ್ತೆ ದೂರುದಾರನ ಬಾಗಿಲಿಗೇ ಬಂತು.

ಷೋಕೇಸಿನ ಮುಂದೆ ನಿಂತರು. ಮೂವರು ಗಂಡಸರು, ಮೂವರೂ ಗಂಭೀರವಾಗಿ ಕೋಟು ತೊಟ್ಟು ನಿಂತಿದ್ದಾರೆ. ಮೂರು ಕೋಟುಗಳಲ್ಲೂ ಎರಡನೇ ಗುಂಡಿ ಬಿಳಿಯದು. ಒಳಗೆ ಗೋಡೆಯ ಮೊಳೆಗೆ ಅದೇ ಕೋಟು ನೇತಾಡುತ್ತಿತ್ತು. ಕೋಟು ಉಚಿತ ಎಂದು ಜನಕ್ಕೆ ಗೊತ್ತಾಗಲೆಂದು ಪುಣ್ಯಾತ್ಮ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದ!

"ಹೋದ ಫೋಟೋದವನೂ ಇದೇ ಕೋಟು ಹಾಕಿದ್ನೋ?"

"ಊಂ ಸಾರ್."

"ಅವನು ತಿರುಗಿ ಬಂದಿದ್ನೇನಯ್ಯ?"

ಪುಟ್ಟಸ್ವಾಮಿ ಷೋಕೇಸಿನ ಗಾಜಿನ ಧೂಳು ಒರೆಸತೊಡಗಿದ.

"ಮೂರು ಸಲ. ಷೋಕೇಸಿಂದ ತೆಗೆದ್ಬುಡಿ ಅಂತ."

"ಬೆಳಿಗ್ಗೆ ಯಾಕೆ ಬಾಯಿ ಬಿಡಲಿಲ್ಲ?"

"ನೆಗೆಟಿವ್ ಬೇಕಾದ್ರೆ ಹದಿನೈದು ರೂಪಾಯಿ ಕೊಡು ಅಂದಿದ್ದೆ. ಜಾಸ್ತಿ ಕೇಳ್ದೆ ಅಂತ ನನ್ನ ಮ್ಯಾಲೇ ಕೇಸಾದ್ರೆ ಅಂತ ಹೆದ್ರುಕೊಂಡೆ. ಎರಡೂವರೇಲಿ ಏನೂ ಗಿಟ್ಟಲ್ಲ ಸಾರ್. ಆಮೇಲೆ ಮತ್ತೆ ಪ್ರತಿ ಕೇಳ್ಕೊಂಡು ಬತ್ತಾರಲ್ಲ, ಅದರಾಗೇ ನನ್ನ ಹೊಟ್ಟೆಪಾಡು."

ಅವನು ರಸೀದಿ ಪುಸ್ತಕ ತಂದು ಹಿಂಭಾಗ ತೋರಿಸಿದ. ನೆಗೆಟಿವ್ ಅಂಗಡಿಯ ಸ್ವತ್ತು, ಫೋಟೋವನ್ನು ಪ್ರದರ್ಶನಕ್ಕೆ ಇಡಬಹುದು, ತಕರಾರು ಸಲ್ಲದು ಎಂದು ಇರುವೆಯಷ್ಟು ಅಕ್ಷರದಲ್ಲಿ ಅಚ್ಚಾಗಿತ್ತು. ನಂಜುಂಡಸ್ವಾಮಿ ಪುಸ್ತಕ ತಿರುಗಿಸಿದರು. ನೆಗೆಟಿವ್ ನಂಬರು ಗಿರಾಕಿಯ ರಸೀದಿಯಲ್ಲೇ ಇರುತ್ತದೆ. ಪೆಟ್ಟಿಗೆಯನ್ನು ಕೆದಕದೆ ನೇರವಾಗಿ ನೂರಾ ಮೂವತ್ತೆಂಟಕ್ಕೆ ಕೈ ಹಾಕಿದವನ ಹತ್ತಿರ ಆ ರಸೀದಿ ಇದ್ದಿರಲೇಬೇಕು. ಅಡಿಪ್ರತಿಯಲ್ಲಿ 'ಮರಿಸ್ವಾಮಿ, ಮಿಲ್ ಗುಮಾಸ್ತೆ' ಎಂದಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕಣ್ಣ ಮಿಲ್ಲಿನಿಂದ ವಾಪಸಾದ. "ಆ ಹೆಸರಿನ ಗುಮಾಸ್ತೆ ಇಲ್ಲ ಸಾರ್. ಬಾಯ್ಲರಿಗೆ ಕಲ್ಲಿದ್ದಲು ತುಂಬೋನು ಒಬ್ಬ ಮರಿಸ್ವಾಮಿ ಅವ್ನೆ. ಇವತ್ತೂ ನಾಳೆಯೂ ರಜಾ ಬರೆದವ್ನೆ. ನಾಳೆ ನಂಜನಗೂಡಿನ ಕಡೆಯಿಂದ ಹೆಣ್ಣಿನೋರು ಮನೆ ನೋಡೋಕೆ ಬತ್ತಾರಂತೆ."

ಐದು ಮುಕ್ಕಾಲಿಗೆ ಅವರು ಮರಿಸ್ವಾಮಿಯ ಮನೆಯ ಮುಂದಿದ್ದರು. ಅವನ ತಾಯಿ ಪುಟ್ಟತಾಯಮ್ಮ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ಮೂವತ್ತೆರಡರ ಮರಿಸ್ವಾಮಿ ಓಡಲಿಲ್ಲ, ವಾದಿಸಲೂ ಇಲ್ಲ. ದೇವರ ಪಟದ ಹಿಂದೆ ಕೈ ಹಾಕಿ ಫೋಟೋ ತಂದುಕೊಟ್ಟ.

"ನೆಗೆಟಿವ್?"

"ಸುಟ್ಟಾಕ್ಬುಟ್ಟೆ ಸ್ವಾಮಿ."

"ಇದನ್ನ್ಯಾಕೆ ಉಳಿಸಿಕೊಂಡೆ?"

"ತೆಗೆಸಿದ್ದು ಮೂರೂ ಹೆಣ್ಣಿನ ಕಡೆಯೋರಿಗೇ ಹೋದ್ವು. ನನ್ನ ಮುಖ ನನ್ನ ಕೈಲಿರೋದು ಇದೊಂದೇ. ಸುಡಕ್ಕೆ ಮನಸ್ಸು ಬರ್ಲಿಲ್ಲ."

"ಷೋಕೇಸಿನಲ್ಲಿದ್ರೆ ನಿನಗೇನಾಗ್ತಿತ್ತು?"

"ಬರೋರು ಇಳ್ಕೊಳ್ಳೋದು ಆ ಬೀದೀಲೇ. ಗುಮಾಸ್ತೆ ಅಂತ ಹೇಳಿವ್ನಿ. ನಾಲ್ಕು ಜನದ ಮೈಮ್ಯಾಲೆ ಒಂದೇ ಕೋಟು ಕಂಡ್ರೆ ಯಾರು ನಂಬ್ತಾರೆ? ಮೂರು ಸಂಬಂಧ ಮುರಿದೋದ್ವು ಸ್ವಾಮಿ. ಇದು ನಾಲ್ಕನೇದು."

ದಸ್ತಗಿರಿಯ ವೇಳೆ ಆರು ಗಂಟೆ ಹತ್ತು ನಿಮಿಷ ಎಂದು ಚಿಕ್ಕಣ್ಣ ಬರೆದ. ಬೇಡಿ ಹಾಕಬೇಡಿ ಎಂದು ಪುಟ್ಟತಾಯಮ್ಮ ಸುಣ್ಣದ ಕೈಯಲ್ಲೇ ಮುಗಿದಳು. ಹಾಕಲಿಲ್ಲ.

ಮಾರನೆಯ ದಿನ ಹನ್ನೊಂದಕ್ಕೆ ಕೋರ್ಟಿನ ಪಡಸಾಲೆಯಲ್ಲಿ ಸರ್ಕಾರಿ ವಕೀಲ ಸುಂದರೇಶ ರಸೀದಿಯನ್ನು ತಿರುವಿ ತಿರುವಿ ಓದಿದರು.

"ಇದರಲ್ಲಿ ಗಿರಾಕಿ ಸಹಿ ಎಲ್ಲಿದೆ? ಕಳೆದ ವರ್ಷದಿಂದ ಹೊಸ ಕಾನೂನು ಬಂದಿದೆ. ಬೇರೆ ಒಪ್ಪಂದ ಇಲ್ಲದಿದ್ರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವನದೇ. ಹಿಂಭಾಗದಲ್ಲಿ ಅಚ್ಚು ಹಾಕಿಸಿಬಿಟ್ರೆ ಒಪ್ಪಂದ ಆಗತ್ಯೇ? ಇವನು ಒಬ್ಬ ವಕೀಲನಿಂದ ನೋಟೀಸು ಕೊಡಿಸಿದ್ರೆ ಸಾಕಿತ್ತು. ಆ ಅಂಗಡಿಯವನು ಬಾಯಿ ಮುಚ್ಚಿಕೊಂಡು ಫೋಟೋ ಇಳಿಸ್ತಿದ್ದ."

"ಹಾಗಾದ್ರೆ ಕೇಸು?"

"ಬೀಗ ಮುರಿದಿದ್ದಾನಲ್ಲ. ಅದಕ್ಕೆ ಕ್ಷಮೆಯಿಲ್ಲ."

ನಂಜುಂಡಸ್ವಾಮಿಯವರಿಗೆ ಸಂಕಟವಾಯಿತು. ಯಾರನ್ನೂ ನಂಬದ ಮನುಷ್ಯ, ಹೋಗಿ ಬೆಂಚಿನ ಮೇಲೆ ಕಳ್ಳನ ಪಕ್ಕದಲ್ಲೇ ಕೂತು, ವಕೀಲರ ಮಾತನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಅಷ್ಟು ಹೊತ್ತಿಗೆ ನಂಜನಗೂಡಿನವರು ಸುಣ್ಣ ಬಳಿದ ಮನೆ ನೋಡಿ, ಅಕ್ಕಪಕ್ಕದವರ ಬಾಯಿಂದ ಎಲ್ಲ ಕೇಳಿ, ನೀರೂ ಕುಡಿಯದೆ ಎದ್ದು ಹೋಗಿದ್ದರು. ಮರಿಸ್ವಾಮಿಗೆ ಆ ಸುದ್ದಿ ಆಗಲೇ ಮುಟ್ಟಿತ್ತು.

ಅವನು ಇನ್ಸ್‌ಪೆಕ್ಟರರ ಕಡೆ ತಿರುಗಿದ.

"ಅಂಗಂತ ಒಂದು ಕಾಗದದಲ್ಲಿ ಬರೆದು ಕೇಳಿದ್ರೆ ಇಳಿಸ್ತಿದ್ನಾ ಸ್ವಾಮಿ?"

"ಇಳಿಸ್ತಿದ್ದ."

"ಯಾರೂ ಹೇಳ್ಲೇ ಇಲ್ವಲ್ಲ," ಎಂದ ಮರಿಸ್ವಾಮಿ. ಒಳಗಿನಿಂದ ಅವನ ಹೆಸರು ಕೂಗಿದರು.