ಬೋರಲು ಕಲ್ಲು

"ಅದನ್ನ ಅಂಗಾತ ಮಾಡಬ್ಯಾಡ್ರಿ ಮಿಸ್ತ್ರಿ. ಕೈ ಮುಗೀತೀನಿ."

ಟಾಂಗಾ ಹೊಡೆಯುವ ಹುಸೇನ ನಿಜವಾಗಿಯೂ ಕೈ ಮುಗಿದಿದ್ದ. ಘಾಟಬೋರಾಳದ ಸೀಮೆಯಲ್ಲಿ, ಜಾಲಿಗಿಡದ ಬುಡದಲ್ಲಿ, ಖಾರ ಅರೆಯುವ ದೊಡ್ಡದೊಂದು ಕಲ್ಲು ಮುಖ ಕೆಳಗಾಗಿ ಬಿದ್ದಿತ್ತು. ಸೊಲ್ಲಾಪುರದಿಂದ ಹುಮನಾಬಾದಿಗೆ ಹೊಸದಾಗಿ ಬಂದಿದ್ದ ಮೋಟಾರು ಮಿಸ್ತ್ರಿ ನಾಗನಾಥ ಆಗಲೇ ಅದರ ಅಂಚಿಗೆ ಹಾರೆ ಕೊಟ್ಟಿದ್ದ.

"ಯಾಕ, ಕಚ್ಚತೈತೇನು?"

"ಮಾಣಿಕಮ್ಮನ ಕಲ್ಲರಿ ಇದು. ಖಾರ ಸಣ್ಣಗ ಅರೀಲಿಲ್ಲಂತ ಗಂಡ ಇದರ ಮ್ಯಾಲೇ ಆಕಿ ತಲಿ ಅರದ. ಆಕಿ ತಾಯಿ ಸೋನುಬಾಯಿ ಭಾನಾಮತಿ ಮಾಡಿ ಅವನ ಕೈಯಾಗಿನ ಪಾಪ ಎಲ್ಲಾ ಈ ಕಲ್ಲಾಗ ಕಟ್ಯಾಳ. ಅವ ಕೈ ಸೆಟದು ಸತ್ತ. ನಮ್ಮ ಕಡಿ ಇಂಥಾ ಕಲ್ಲ ಬೋರಲ ಹಾಕಿ ಬಿಡ್ತಾರ. ಅಂಗಾತ ಮಾಡಿ ಅರದವರಿಗೆ ಆ ಕೈ ಹತ್ತತೈತ್ರಿ."

"ನಾ ಏನ್ ಖಾರ ಅರಿಯಾಂವ ಅಲ್ಲ ಹುಸೇನಭಾಯಿ. ಕಬ್ಬಿಣ ಅರೀತೀನಿ." ನಾಗನಾಥ ನಕ್ಕು ಹಾರೆ ಮೀಟಿದ. ಕಲ್ಲು ಮಗುಚಿತು. ಅಡಿಯಲ್ಲಿ ಒಂದು ಹುಳುವೂ ಇರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಬೇಸಿಗೆ ಅದು. ಜಾಗೀರದಾರರ ಲಾಯದಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದ ಎರಡು ಸೀಟಿನ ಹಳೇ ರೇಸಿನ ಮೋಟಾರನ್ನು ನಾಗನಾಥ ಬೇಡಿ ತಂದಿದ್ದ. ಜಾಗೀರದಾರರ ಸೋದರಳಿಯ ಮಲ್ಲಿಕಾರ್ಜುನನಿಗೆ ಅದನ್ನು ಕಂಡರೆ ನಗು. ಅವನದು ಹೊಸ ಮೋಟಾರು. ಬಜಾರಿನಲ್ಲಿ ನಾಲ್ಕು ಜನರ ಎದುರು ಅಂದಿದ್ದ: "ಈ ಡಬ್ಬಿ ನನಕಿಂತ ಮುಂಚಿ ಕಲ್ಯಾಣಿ ಊರಿನ ಕಿಲ್ಲೇದ ಬಾಗಲಿಗೆ ಹೋದರ, ಅಲ್ಲೇ ಮಗ್ಗಲಿನ ನಮ್ಮ ಮನಿ ನಿನಗ."

ಆ ಮನೆಗೆ ಬಾಗಿಲಿತ್ತು. ನಾಗನಾಥನಿಗೆ ಬೇಕಾದದ್ದು ಅಷ್ಟೇ. ಅವನೂ ಹೆಂಡತಿ ಅಂಬುಬಾಯಿಯೂ ಮೋಟಾರು ಶೆಡ್ಡಿನ ಮೂಲೆಯಲ್ಲಿ ಗೋಣಿತಟ್ಟಿನ ಪರದೆಯ ಹಿಂದೆ ಸಂಸಾರ ಹೂಡಿದ್ದರು. ಬಂದುಹೋಗುವ ಡ್ರೈವರುಗಳು ನೀರು ಕೇಳುವ ನೆಪದಲ್ಲಿ ಪರದೆ ಎತ್ತಿ ಇಣುಕುತ್ತಿದ್ದರು. ಅವಳು ಸ್ನಾನ ಮಾಡುವಾಗ ಪಕ್ಕದಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಇಟ್ಟುಕೊಂಡಿರುತ್ತಿದ್ದಳು.

ಮುದಿ ಇಂಜಿನ್ನಿಗೆ ಹೊಸ ಕಸುವು ಬರಬೇಕು, ಆದರೆ ಕೈ ಬರಿದು. ಕೆಟ್ಟು ನಿಂತ ಲಾರಿಯ ಕಾರ್ಬೊರೇಟರ್ ತಂದು ಕೂಡಿಸಿದ. ಹೊಗೆಕೊಳವೆಯನ್ನು ಕತ್ತರಿಸಿ ಮೊಂಡು ಮಾಡಿದ. ಉಳಿದದ್ದು ಹೆಡ್ಡು, ಇಂಜಿನ್ನಿನ ತಲೆಯ ಮೇಲಿನ ಕಬ್ಬಿಣದ ಮುಚ್ಚಳ. ಅದನ್ನು ತೆಳ್ಳಗೆ ಸವೆಸಿದರೆ ಒಳಗೆ ಪೆಟ್ರೋಲು ಇನ್ನೂ ಬಿಗಿಯಾಗಿ ಸಿಡಿಯುತ್ತದೆ, ಗಾಡಿ ಹಾರುತ್ತದೆ. ಸವೆಸುವ ಯಂತ್ರವಿರುವುದು ಹೈದರಾಬಾದಿನಲ್ಲಿ. ಬಡವನ ಯಂತ್ರವೆಂದರೆ ಸಪಾಟು ಕಲ್ಲು, ಕಬ್ಬಿಣ ತಿಕ್ಕುವ ಕುರುಂದದ ಪುಡಿ, ಎಣ್ಣೆ, ಎರಡು ರಟ್ಟೆ. ವರ್ಷಗಟ್ಟಲೆ ಖಾರ ಅರೆದ ಕಲ್ಲು ನಡುವೆ ತಗ್ಗು ಬೀಳಬೇಕು. ಇದರಲ್ಲಿ ತಗ್ಗೇ ಇರಲಿಲ್ಲ, ಹೊಸದರಂತೆ ಸಪಾಟು. ಅದಕ್ಕೆ ಹೆದರಬೇಕಾದವನು ಖುಷಿಪಟ್ಟ.

ಕಲ್ಲನ್ನು ಶೆಡ್ಡಿಗೆ ತಂದು ಅದರ ಮೇಲೆ ಹೆಡ್ಡು ಅರೆಯಲು ಕೂತ. ಹಿಂದಕ್ಕೆ, ಮುಂದಕ್ಕೆ. ಗರ್‍ರ್, ಗರ್‍ರ್. ಎಣ್ಣೆ ಕೆಂಪಾಗಿ ಇಳಿಯತೊಡಗಿತು.

"ಬಳ್ಳೊಳ್ಳಿ ಖಾರದ ವಾಸನಿ ಬರಾಕತ್ತೈತ್ರಿ," ಅಂಬುಬಾಯಿ ಮೂಗಿಗೆ ಸೆರಗು ಹಿಡಿದಳು. "ಅದರಾಗ ರಕ್ತದ್ದೂ."

"ತುಕ್ಕು ಅಂಬೂ. ತುಕ್ಕಿನ ವಾಸನಿ."

ಹೆಡ್ಡು ತೆಳ್ಳಗಾಗಿ ಮತ್ತೆ ಇಂಜಿನ್ನಿನ ಮೇಲೆ ಕೂತಿತು. ಅವನ ಕೈ ಮಾತ್ರ ನಿಲ್ಲಲಿಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಮೇಲೆ ಅಂಗೈ ಹಿಂದಕ್ಕೆ ಮುಂದಕ್ಕೆ ಆಡುತ್ತಿತ್ತು. ದಣಿವು ಎಂದುಕೊಂಡ. ಒಂದು ಮಧ್ಯಾಹ್ನ ಎಚ್ಚರಾದಾಗ ಆ ಕೈಗಳು ಮಲಗಿದ್ದ ಅಂಬುಬಾಯಿಯ ಹಣೆಯ ಮೇಲಿದ್ದವು. ಕಿತ್ತುಕೊಂಡ. ಅವಳಿಗೆ ಹೇಳಲಿಲ್ಲ.

ಪಂದ್ಯದ ದಿನ ಬಿಸಿ ಹೊರಗೆ ಹೋಗಲೆಂದು ಬಾನೆಟ್ಟು ಬಿಚ್ಚಿಟ್ಟೇ ಹೊರಟ. ಮುದಿ ಇಂಜಿನ್ನು ಬೊಬ್ಬೆ ಹೊಡೆಯಿತು. ಮಲ್ಲಿಕಾರ್ಜುನನ ಹೊಸ ಮೋಟಾರು ಧೂಳಿನಲ್ಲಿ ಹಿಂದೆ ಬಿತ್ತು. ಇಂಜಿನ್ನಿನ ಸದ್ದಿನೊಳಗೆ ಇನ್ನೊಂದು ಸದ್ದಿತ್ತು, ಗರ್‍ರ್, ಗರ್‍ರ್. ನಾಗನಾಥ ಅದನ್ನು ಕೇಳದವನಂತೆ ಹಾಡಿಕೊಂಡ.

ಕಲ್ಯಾಣಿ ಕೋಟೆಯ ಬಾಗಿಲು ಬಂತು. ಗೆದ್ದಿದ್ದ. ಸ್ವಿಚ್ಚು ಆರಿಸಿದ.

ಇಂಜಿನ್ನು ನಿಲ್ಲಲಿಲ್ಲ.

ಅತಿ ಬಿಸಿಯಾದರೆ ಹಾಗಾಗುವುದುಂಟು, ಅವನಿಗೆ ಗೊತ್ತಿತ್ತು. ಇಳಿದು ಇಂಜಿನ್ನಿನ ತಂತಿ ಕಿತ್ತ. ನಿಲ್ಲಲಿಲ್ಲ. ಪೆಟ್ರೋಲಿನ ನಳಿಕೆ ಕಿತ್ತ. ಆಗಲೂ ನಿಲ್ಲಲಿಲ್ಲ. ಮುಂಚೆಯೇ ಹುಸೇನನ ಟಾಂಗಾದಲ್ಲಿ ಬಂದು ಕಾಯುತ್ತಿದ್ದ ಅಂಬುಬಾಯಿ ನಗುತ್ತ ಓಡಿ ಬಂದಳು.

"ಬಾಗಲಾ ಸಿಕ್ತಲ್ರಿ ನಮಗ!"

ಅವನ ಎರಡೂ ಕೈ ಅವಳ ತುರುಬಿಗೆ ಹೋದವು.

ಎಳೆದವು. ಕಾದ ಹೆಡ್ಡಿನ ಮೇಲೆ ಅವಳ ಕೆನ್ನೆ ಒತ್ತಿದವು. ಚುರ್ ಎಂದಿತು. ಹಿಂದಕ್ಕೆ. ಮುಂದಕ್ಕೆ. ಅವಳು ಚೀರಿದಳು. ಚರ್ಮ ಕಬ್ಬಿಣಕ್ಕೆ ಅಂಟಿ ಬಂತು. ಬೆಳ್ಳುಳ್ಳಿ ಖಾರದ ವಾಸನೆ. ಮುಂದಕ್ಕೆ. ಹಿಂದಕ್ಕೆ.

"ಬಿಡಸ್ರಿ! ನನ್ನ ಕೈ ಅಲ್ಲ ಇವು! ಯಾರರ ಬಿಡಸ್ರಿ!" ನಾಗನಾಥನೇ ಕೂಗುತ್ತಿದ್ದ.

ಜನ ಹಿಂದೆ ಸರಿದರು. ಹುಸೇನ ಮಾತ್ರ ಹಾರಿ ಬಂದ. ನಾಗನಾಥನ ಮೊಣಕೈ ಏಟಿಗೆ ಅವನ ಹಲ್ಲು ಉದುರಿದವು. ಬಾಯಿಂದ ರಕ್ತ ಸುರಿಯುತ್ತಿದ್ದರೂ ಟಾಂಗಾದಲ್ಲಿದ್ದ ಹುಲ್ಲು ಕೊಯ್ಯುವ ಕುಡಗೋಲು ತಂದು ಅವಳ ಕೂದಲನ್ನೇ ಕೊಯ್ದ. ಅಂಬುಬಾಯಿ ನೆಲಕ್ಕೆ ಬಿದ್ದಳು. ಬರಿಗೂದಲು ಹಿಡಿದ ಕೈಗಳು ಒಂದು ಕ್ಷಣ ತಡವರಿಸಿದವು. ಮತ್ತೆ ಅವಳ ಕಡೆಗೆ ತಿರುಗಿದವು.

ಅವನಿಗಿದ್ದದ್ದು ಆ ಒಂದು ಕ್ಷಣ. ಎದುರಿಗೆ ಇಂಜಿನ್ನಿನ ಫ್ಯಾನು ಗಿರಗಿರ ತಿರುಗುತ್ತಿತ್ತು. ಇದೇ ಕೈಗಳಲ್ಲಿ ಅವನು ಅನ್ನ ದುಡಿದಿದ್ದ. ಮೈಯ ಭಾರವನ್ನೆಲ್ಲ ಮುಂದಕ್ಕೆ ಬಿಟ್ಟ. ಕೈಗಳು ಒಳಗೆ ಹೋದವು. ಎಲುಬು ಸಿಡಿದವು. ಬೆರಳು ಹಾರಿದವು. ರಕ್ತ ಮುಖಕ್ಕೆ ಚಿಮ್ಮಿತು. ಅವನು ಹಿಂದೆಗೆಯಲಿಲ್ಲ. ಇನ್ನೂ ಒತ್ತಿದ.

ಇಂಜಿನ್ನು ನಿಂತಿತು.

ಮಲ್ಲಿಕಾರ್ಜುನ ಮಾತಿಗೆ ತಪ್ಪಲಿಲ್ಲ, ಮನೆ ಬಿಟ್ಟುಕೊಟ್ಟ. ಹುಸೇನ ಕಲ್ಲನ್ನು ಮತ್ತೆ ಸೀಮೆಗೆ ಒಯ್ದು, ಹೆಡ್ಡನ್ನು ಅದರಡಿಗೆ ಹಾಕಿ, ಬೋರಲು ಮಾಡಿ ಬಂದ. ಸುಟ್ಟ ಕೆನ್ನೆಯ ಅಂಬುಬಾಯಿ ಗಂಡನಿಗೆ ತುತ್ತು ಮಾಡಿ ಉಣಿಸುತ್ತಾಳೆ, ಬಾಯಿ ಒರೆಸುತ್ತಾಳೆ. ಅವಳಿಗೆ ಅವನ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಹೆದರಿಕೆಯೂ ಕಡಿಮೆಯಾಗಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಾಗನಾಥ ತಾನಾಗಿಯೇ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಾನೆ.

"ಅಂಬೂ, ಅಗಳಿ ಹಾಕ್ಕೋ."

ಒಳಗೆ ಅಗಳಿ ಬೀಳುತ್ತದೆ. "ಹಾಕ್ಕೊಂಡೀನ್ರಿ," ಎಂಬ ದನಿ ಬರುವವರೆಗೆ ಅವನು ಮಲಗುವುದಿಲ್ಲ. ಬಾಗಿಲು ಗಟ್ಟಿಯಾಗಿದೆ, ಸಾಗವಾನಿಯದು. ಕಟ್ಟೆಯ ಮೇಲೆ ಅವನ ಮೊಂಡುಗೈಗಳು ಹಿಂದಕ್ಕೂ ಮುಂದಕ್ಕೂ ಆಡುತ್ತಿರುತ್ತವೆ.