ಹಾಜರಿಯಲ್ಲಿ ಇಲ್ಲದವನು

ರಿತೇಶನನ್ನು ಊಟಕ್ಕೆ ಕರೆಯಲು ಹೋದ ಬರ್ತಾಳಿಗೆ ಮೊದಲು ಕಂಡದ್ದು ಎರಡು ಬೆರಳುಗಳು. ಹಳೆಯ ಪ್ರಯೋಗಾಲಯದ ಹೊಸ್ತಿಲಿನ ಒಳಗೆ, ಸಿಮೆಂಟು ನೆಲದ ಮೇಲೆ ಬಿದ್ದಿದ್ದವು. ಒಂದರಲ್ಲಿ ಉಂಗುರವಿತ್ತು. ಅದರಾಚೆ, ಸಿಂಕಿನ ಕೆಳಗೆ, ರಿತೇಶ್ ಮಗ್ಗುಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಸೀಳಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಎಳನೀರು ಕೆತ್ತುವ ಕತ್ತಿ.

ರಿತೇಶನ ಸಹಪಾಠಿ ಬರ್ತಾ ಮಣಿಪಾಲದಲ್ಲಿ ಹದಿನೆಂಟು ವರ್ಷಗಳಿಂದ ನರ್ಸ್. ಅವಳು ಕಿರುಚಲಿಲ್ಲ. ಬಗ್ಗಿ ಕುತ್ತಿಗೆಯ ನಾಡಿ ಹುಡುಕಿದಳು. ಸಿಗಲಿಲ್ಲ. ಗಡಿಯಾರ ನೋಡಿಕೊಂಡಳು. ಹನ್ನೆರಡು ಮೂವತ್ತೈದು. ಆಮೇಲೆ ಹೊರಗೆ ಬಂದು ಪೊಲೀಸರಿಗೆ ಫೋನ್ ಮಾಡಿದಳು.

ಕಾಪುವಿನ ಕಡಲಿಗೆ ಹತ್ತಿರದ ಆ ಪ್ರೌಢಶಾಲೆಯಲ್ಲಿ ಆ ಭಾನುವಾರ ಎರಡು ಸಾವಿರದ ಇಸವಿಯ ಹತ್ತನೇ ತರಗತಿಯವರ ಪುನರ್ಮಿಲನ. ಇಪ್ಪತ್ತೈದು ವರ್ಷಗಳ ಮೇಲೆ ಎಲ್ಲರೂ ಸೇರಿದ್ದರು. ಎಲ್ಲರಿಗೂ ಒಂದೇ ಬಣ್ಣದ ನೀಲಿ ಟಿ-ಶರ್ಟ್.

ಪಿಎಸ್‌ಐ ಶರ್ಮಿಳಾ ಜೀಪಿನಿಂದ ಇಳಿಯುವಾಗ ಆ ನೀಲಿ ಟಿ-ಶರ್ಟುಗಳಲ್ಲಿ ಏಳೆಂಟು ಸೇರಿ ಒಬ್ಬನನ್ನು ಹೊಡೆಯುತ್ತಿದ್ದವು. ಅವನು ನೆಲದಲ್ಲಿದ್ದ. ಮೂಗಿನಿಂದ ರಕ್ತ ಹರಿದು ಗಡ್ಡ ತೊಯ್ದಿತ್ತು. ಒಬ್ಬ ಅವನ ಪಕ್ಕೆಗೆ ಶೂ ಕಾಲಿನಿಂದ ಒದೆಯುತ್ತಲೇ ಇದ್ದ. ಹೆಡ್ ಕಾನ್‌ಸ್ಟೇಬಲ್ ರತ್ನಾವತಿ ಲಾಠಿ ಬೀಸಿದ ಮೇಲೆಯೇ ಗುಂಪು ಚದುರಿತು.

ಹೊಡೆತ ತಿಂದವನ ಹೆಸರು ಯಶ್ವಂತ್. ಬೋಟಿನಲ್ಲಿ ಮೀನು ಹಿಡಿಯುವವನು. ಇದೇ ತರಗತಿಯವನು. ಅವನೊಬ್ಬ ಮಾತ್ರ ನೀಲಿ ಟಿ-ಶರ್ಟ್ ಹಾಕಿರಲಿಲ್ಲ. ಎಲ್ಲರಿಗೂ ಎಳನೀರು ತಂದು ಕೆತ್ತಿಕೊಟ್ಟವನು ಅವನೇ. ಕತ್ತಿಯೂ ಅವನದೇ.

"ಹತ್ತೂ ಮುಕ್ಕಾಲಿಗೆ ಇವನು ರಿತೇಶನನ್ನು ದೂಡಿದ್ದನ್ನು ನಾವೆಲ್ಲ ನೋಡಿದ್ದೇವೆ ಮೇಡಂ," ಎಂದ ಒದೆಯುತ್ತಿದ್ದವನು. ಏದುಸಿರು ಬಿಡುತ್ತಿದ್ದ. ಟಿ-ಶರ್ಟಿನ ಎದೆಯ ಮೇಲೆ ಯಶ್ವಂತನ ರಕ್ತ ಸಿಡಿದಿತ್ತು. "ಶಾಲೆಯಲ್ಲಿರುವಾಗಲೂ ಇವನು ಹೀಗೆಯೇ. ಅಟೆಂಡರನ ಕಣ್ಣು ತೆಗೆದವ."

ಅವನು ಪ್ರಖ್ಯಾತ್. ಕಾರ್ಕಳದಲ್ಲಿ ವಿಜ್ಞಾನ ಪಿಯು ಕಾಲೇಜೊಂದರ ಪ್ರಾಂಶುಪಾಲ.

* * *

ಲೆಕ್ಕ ಸುಲಭವಾಗಿತ್ತು. ಸುಲಭವಾದದ್ದೇ ಶರ್ಮಿಳಾಗೆ ಹಿಡಿಸಲಿಲ್ಲ.

ರಿತೇಶ್ ಉಡುಪಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ಅವನನ್ನು ಜೀವಂತ ನೋಡಿದ್ದು ಹತ್ತೂ ಐವತ್ತರ ತನಕ. ಹನ್ನೊಂದಕ್ಕೆ ಹಳೆಯ ಗಂಟೆ ಬಾರಿಸಿ ಎಲ್ಲರೂ ಹತ್ತನೇ ತರಗತಿಯ ಕೋಣೆಯಲ್ಲಿ ಕುಳಿತರು. ಆಗಿನ ಕ್ಲಾಸ್ ಟೀಚರ್ ಸಿಸಿಲಿಯಾ ಹಳೆಯ ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬರ ಹೆಸರು ಕರೆದರು. ಆಮೇಲೆ ಒಂದು ಪಾಠ. ಹನ್ನೆರಡೂ ಕಾಲಿಗೆ ಗ್ರೂಪ್ ಫೋಟೋ.

ಬರ್ತಾ ನೋಡುವಾಗ ನೆಲದ ರಕ್ತ ಅಂಚಿನಲ್ಲಿ ಒಣಗಿತ್ತು. ನಡುವೆ ಹೆಪ್ಪುಗಟ್ಟಿ, ಹಳದಿ ನೀರು ಬೇರೆಯಾಗಿ ನಿಂತಿತ್ತು. "ಕಮ್ಮಿಯೆಂದರೆ ಒಂದು ಗಂಟೆ ಆಗಿರಬೇಕು," ಎಂದಳು ಅವಳು. ಅಂದರೆ ಕೊಲೆ ನಡೆದದ್ದು ಹಾಜರಿಯ ಹೊತ್ತಿಗೆ, ಇಲ್ಲವೇ ಸ್ವಲ್ಪ ಆಚೀಚೆ. ಆಗ ಹೆಸರು ಕರೆದಾಗ ಉತ್ತರ ಬಾರದ್ದು ರಿತೇಶನದ್ದು ಮಾತ್ರ ಎಂದು ಎಲ್ಲರೂ ಹೇಳಿದರು.

ಯಶ್ವಂತ್ ಕೋಣೆಯಲ್ಲಿ ಇರಲೇ ಇಲ್ಲ.

"ಎಲ್ಲಿದ್ದಿರಿ?" ಠಾಣೆಯಲ್ಲಿ ಶರ್ಮಿಳಾ ಕೇಳಿದಳು.

"ಕಡಲ ಬದಿಯ ಕಲ್ಲಿನ ಮೇಲೆ ಕೂತಿದ್ದೆ." ಒಡೆದ ತುಟಿಯಿಂದ ಮಾತು ತೊದಲಾಗಿ ಬರುತ್ತಿತ್ತು. "ಹಾಜರಿ ಕರೆಯುವಾಗ ನಾನು ಅಲ್ಲಿ ಎಂತ ಮಾಡ್ಲಿ ಮೇಡಂ? ನನ್ನ ಹೆಸರಿಗೆ ಕೆಂಪು ಗೆರೆ ಎಳೆದಿದ್ದಾರಲ್ಲ."

ಪರೀಕ್ಷೆಗೆ ಎರಡು ತಿಂಗಳಿರುವಾಗ ಅವನಿಗೆ ಟಿ.ಸಿ. ಕೊಟ್ಟಿದ್ದರು. ಪ್ರಯೋಗಾಲಯದ ಸಿಂಕಿನಲ್ಲಿ ಯಾರೋ ಸೋಡಿಯಂ ಲೋಹದ ಗಟ್ಟಿಗಳನ್ನು ಹಾಕಿದ್ದರು. ಅಟೆಂಡರ್ ದೂಮಪ್ಪ ತಿಳಿಯದೆ ನಲ್ಲಿ ತಿರುಗಿಸಿದ. ಸಿಂಕು ಸಿಡಿಯಿತು. ಸುಡುವ ಕ್ಷಾರ ಎರಡೂ ಕಣ್ಣಿಗೆ ಎರಚಿತು. ಹಿಂದಿನ ದಿನ ದೂಮಪ್ಪನ ಜೊತೆ ಜಗಳವಾಡಿದ್ದವನು ಯಶ್ವಂತ್. ಆಗಿನ ಹೆಡ್‌ಮಾಸ್ಟರಿಗೆ ಅಷ್ಟು ಸಾಕಾಯಿತು. ಟಿ.ಸಿ. ಹಿಡಿದುಕೊಂಡು ಬಂದ ಮಗನನ್ನು ಅಪ್ಪ ಹುರಿಹಗ್ಗದಿಂದ ಹೊಡೆದು ಮರುವಾರ ಬೋಟಿಗೆ ಹತ್ತಿಸಿದ. ಅಲ್ಲಿಗೆ ಓದು ಮುಗಿಯಿತು.

"ನಿನ್ನೆ ಮೊನ್ನೆಯದ್ದಲ್ಲ, ಹೋಗಲಿ ಅಂತ ಬಿಟ್ಟಿದ್ದೆ," ಎಂದ. "ರಿತೇಶ್ ನಾಲ್ಕು ಸಲ ಫೋನ್ ಮಾಡಿ ಬಾ ಅಂದ. ಕುಡಿಯಲಿಕ್ಕೆ ಬೊಂಡ ಆದರೂ ತಕೊಂಡು ಹೋಗುವ ಅಂತ ಬಂದೆ. ಅವನು ನನ್ನ ಕೈ ಹಿಡಿದು ಅಳ್ಲಿಕ್ಕೆ ಶುರು ಮಾಡಿದ. ಹಾಜರಿ ಆದ ಮೇಲೆ ಎಲ್ಲರ ಎದುರು ನಿನಗೊಂದು ಮಾತು ಹೇಳ್ಲಿಕ್ಕುಂಟು ಅಂದ. ನನಗೆ ನಾಚಿಕೆ ಆಯ್ತು. ಬಿಡು ಮಾರಾಯ ಅಂತ ದೂಡಿದೆ. ಅಷ್ಟೇ."

ಹೊರಗೆ ಬಂದಾಗ ರತ್ನಾವತಿ ಉಡುಪಿಯಿಂದ ಬಂದ ಸೂಚನೆ ತಿಳಿಸಿದಳು. ಮರುದಿನ ಮಧ್ಯಾಹ್ನ ಎರಡರ ಒಳಗೆ ಆರೋಪಿಯನ್ನು ನ್ಯಾಯಾಧೀಶರ ಎದುರು ಹಾಜರುಪಡಿಸಬೇಕು. ಕಾಗದ ಸಿದ್ಧವಾದರೆ ಯಶ್ವಂತ್ ಎರಡನೆಯ ಸಲ ಅಪರಾಧಿಯಾಗುತ್ತಾನೆ. ಈ ಸಲ ಕೊಲೆಗೆ.

* * *

ಸಂಜೆ ಮಣಿಪಾಲದಲ್ಲಿ ಶವಪರೀಕ್ಷೆ ಮಾಡಿದ ವೈದ್ಯರು ಗಾಯಗಳನ್ನು ಒಂದೊಂದಾಗಿ ತೋರಿಸಿದರು. ಒಟ್ಟು ಹನ್ನೊಂದು. ಮೊದಲನೆಯದು ಹಿಂದಿನಿಂದ. ಆಮೇಲೆ ರಿತೇಶ್ ತಿರುಗಿ ಕೈ ಅಡ್ಡ ಹಿಡಿದಿದ್ದಾನೆ. ಬೆರಳು ಹೋದದ್ದು ಆಗ. ನಾಲ್ಕು ಏಟಿನಲ್ಲಿ ಕತ್ತಿ ಮಗುಚಿ, ಹರಿತದ ಅಂಚಿನ ಬದಲು ಅಗಲದ ಭಾಗ ಬಡಿದು, ಎಲುಬು ಮುರಿದಿತ್ತು.

"ಕತ್ತಿ ಹಿಡಿದು ಅಭ್ಯಾಸ ಇಲ್ಲದ ಕೈ," ಎಂದರು ವೈದ್ಯರು. "ಹೆದರಿಕೆಯಲ್ಲಿ ಬೀಸಿದ್ದು."

ಆ ಬೆಳಿಗ್ಗೆ ಯಶ್ವಂತ್ ಒಂದೊಂದು ಎಳನೀರನ್ನು ಮೂರೇ ಏಟಿಗೆ ತೆರೆದುಕೊಟ್ಟಿದ್ದ. ಅದು ಶರ್ಮಿಳಾಗೆ ಗೊತ್ತಾಗಿತ್ತು. ಆದರೆ ಅದು ಅನುಮಾನವನ್ನಷ್ಟೇ ಹುಟ್ಟಿಸಬಲ್ಲದು. ಸಾಕ್ಷಿಯಾಗುವುದಿಲ್ಲ.

ರಿತೇಶನ ಕಿಸೆಯಲ್ಲಿ ಖಾಸಗಿ ಬಸ್ಸಿನ ಒಂದು ಟಿಕೆಟ್ ಸಿಕ್ಕಿತು. ಹಿಂದಿನ ದಿನ, ಶನಿವಾರದ್ದು. ಕಾರ್ಕಳದಿಂದ ಬಜಗೋಳಿಗೆ.

"ಬಜಗೋಳಿಯಲ್ಲಿ ಇವನಿಗೆ ಯಾರಿದ್ದಾರೆ?" ಶರ್ಮಿಳಾ ಕೇಳಿದಳು.

ರಿತೇಶನ ಮನೆಯವರಿಗೆ ಗೊತ್ತಿರಲಿಲ್ಲ. ಬರ್ತಾಳಿಗೆ ಗೊತ್ತಿತ್ತು. ಕಣ್ಣು ಹೋದ ಮೇಲೆ ದೂಮಪ್ಪ ಸೇರಿಕೊಂಡದ್ದು ಬಜಗೋಳಿಯ ತಂಗಿಯ ಮನೆಯನ್ನು.

* * *

ಸೋಮವಾರ ಬೆಳಕು ಹರಿಯುವಾಗಲೇ ಜೀಪು ಕಾರ್ಕಳ ದಾಟಿತು. ಪೇಟೆಯ ತಿರುವಿನಲ್ಲಿ ಪ್ರಖ್ಯಾತನ ಕಾಲೇಜಿನ ಬೋರ್ಡು. ರ‍್ಯಾಂಕ್ ಪಡೆದ ಮಕ್ಕಳ ಸಾಲು, ಮೇಲೆ ಅವನ ದೊಡ್ಡ ಮುಖ.

ದೂಮಪ್ಪ ಅಂಗಳದಲ್ಲಿ ಕುಳಿತು ಬೀಡಿ ಎಲೆ ಕತ್ತರಿಸುತ್ತಿದ್ದ. ಕಣ್ಣಿನ ಜಾಗದಲ್ಲಿ ಬಿಳಿಚಿದ ಚರ್ಮ. ರಿತೇಶ್ ಸತ್ತ ಸುದ್ದಿ ಕೇಳಿ ಕತ್ತರಿ ಕೆಳಗಿಟ್ಟ.

"ಶನಿವಾರ ಬಂದು ನನ್ನ ಕಾಲು ಹಿಡಿದ ಅಮ್ಮ. ಸೋಡಿಯಂ ಹಾಕಿದ್ದು ನಾವಿಬ್ಬರು ಅಂದ. ಹೊಗೆ ಬರುವುದು ನೋಡ್ಲಿಕ್ಕೆ ಅಂತ. ಇನ್ನೊಬ್ಬ ಯಾರು ಅಂತ ಕೇಳಿದೆ. ಅವನು ಈಗ ಮಕ್ಕಳಿಗೆ ಕಲಿಸುವವ, ನಾಳೆ ಅವನೇ ಎದ್ದು ನಿಂತು ಹೇಳಲಿ, ಅವನು ಹೇಳದಿದ್ದರೆ ನಾನು ಹೇಳ್ತೇನೆ ಅಂದ."

"ಆ ದಿನ ಲ್ಯಾಬಿನ ಬೀಗ ತೆಗೆದದ್ದು ಎಷ್ಟು ಹೊತ್ತಿಗೆ?"

"ಬೆಲ್ ಹೊಡೆದ ಮೇಲೆ. ಬಾಗಿಲು ತೆರೆದಿಟ್ಟು, ಗುಡಿಸ್ಲಿಕ್ಕೆ ಹಿಡಿಸೂಡಿ ತರ್ಲಿಕ್ಕೆ ಹೋದೆ. ಕ್ಲಾಸುಗಳಲ್ಲಿ ಹಾಜರಿ ಕರೆಯುವ ಶಬ್ದ ಕೇಳ್ತಿತ್ತು. ಬಂದು ನಲ್ಲಿ ತಿರುಗಿಸಿದೆ." ಅವನು ಕತ್ತರಿಗಾಗಿ ನೆಲ ತಡವಿದ. "ಇದನ್ನು ನನ್ನ ಹತ್ತಿರ ಯಾರೂ ಕೇಳಲೇ ಇಲ್ಲ."

ಆ ತರಗತಿಯಿಂದ ಶಿಕ್ಷಕರಾದವರು ಮೂವರು. ಮೂವರೂ ನಿನ್ನೆಯ ಹಾಜರಿಯಲ್ಲಿ ಉತ್ತರ ಕೊಟ್ಟಿದ್ದರು. ಎರಡು ಅಪರಾಧ. ಎರಡೂ ಹಾಜರಿಯ ಹೊತ್ತಿಗೆ. ಶರ್ಮಿಳಾ ಜೀಪನ್ನು ಕಟಪಾಡಿಗೆ, ಸಿಸಿಲಿಯಾ ಟೀಚರ್ ಮನೆಗೆ ತಿರುಗಿಸಲು ಹೇಳಿದಳು.

* * *

ಸಿಸಿಲಿಯಾ ಟೀಚರ್‌ಗೆ ಎಪ್ಪತ್ತಾರು ವರ್ಷ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಿನ್ನೆ ಬಿ.ಪಿ. ಏರಿತೆಂದು ಹೆಣ ಸಿಕ್ಕಿದ ಕೂಡಲೇ ಅವರನ್ನು ಕಾರಿನಲ್ಲಿ ಮನೆಗೆ ಕಳುಹಿಸಿದ್ದರು. ಹಾಜರಿ ಪುಸ್ತಕ ಅವರ ಚೀಲದಲ್ಲೇ ಬಂದುಬಿಟ್ಟಿತ್ತು.

ಶರ್ಮಿಳಾ ನಿನ್ನೆ ಗುರುತು ಹಾಕಿದ ಕೊನೆಯ ಕಾಲಂ ನೋಡಿದಳು. ಬಂದವರಿಗೆ ಓರೆಗೆರೆ. ಬಾರದವರಿಗೆ ಸೊನ್ನೆ. ಇಪ್ಪತ್ತೊಂದು, ರಿತೇಶ್, ಸೊನ್ನೆ. ಅದರ ಮೇಲೆ, ಹತ್ತೊಂಬತ್ತರ ಎದುರು, ಗೆರೆಯೂ ಅಲ್ಲ, ಸೊನ್ನೆಯೂ ಅಲ್ಲ. ಒಂದು ಚುಕ್ಕಿ.

"ಇದೆಂತ ಟೀಚರ್?"

"ಅದು ಬೇರೆಯವರು ಹೇಳಿದ 'ಎಸ್ ಟೀಚರ್'." ಟೀಚರ್ ನಿಧಾನವಾಗಿ ಹೇಳಿದರು. "ಮಕ್ಕಳು ಒಬ್ಬರಿಗೊಬ್ಬರು ಹಾಜರಿ ಹೇಳುವುದು ನನಗೆ ಗೊತ್ತಾಗ್ತಿತ್ತು. ಹಿಡಿದರೆ ಇಬ್ಬರಿಗೆ ಹೊಡೆಯಬೇಕು. ಹಾಗಾಗಿ ಚುಕ್ಕಿ ಇಟ್ಟು ಸುಮ್ಮನಿರುವುದು. ಮೂವತ್ತು ವರ್ಷದ ಅಭ್ಯಾಸ."

"ಕಣ್ಣು ಕಾಣದೆ ಹೇಗೆ ಗೊತ್ತಾಯಿತು?"

"ಕಿವಿ ಸರಿ ಉಂಟಲ್ವಾ. ಆರು ಮತ್ತು ಹತ್ತೊಂಬತ್ತು ಒಂದೇ ಜಾಗದಿಂದ ಬಂತು. ಸ್ವರ ಬದಲಿಸಿದರೆ ಕೂತ ಜಾಗ ಬದಲಾಗುವುದಿಲ್ಲ. ತಮಾಷೆಗೆ ಅಂತ ತಿಳಿದೆ."

ಶರ್ಮಿಳಾ ಇಪ್ಪತ್ತೈದು ವರ್ಷ ಹಿಂದಕ್ಕೆ ಹಾಳೆ ಮಗುಚಿದಳು. ದೂಮಪ್ಪನ ಕಣ್ಣು ಹೋದ ದಿನ. ಹತ್ತೊಂಬತ್ತು, ಚುಕ್ಕಿ. ಇಪ್ಪತ್ತೊಂದು, ಸೊನ್ನೆ. ಇಪ್ಪತ್ತೇಳು, ಯಶ್ವಂತ್, ಓರೆಗೆರೆ. ಅದರ ಮರುದಿನದಿಂದ ಆ ಹೆಸರಿನ ಮೇಲೆ ಕೆಂಪು ಗೆರೆ.

ಅವಳು ಅದನ್ನು ಗಟ್ಟಿಯಾಗಿ ಓದಿದಳು.

"ಯಶ್ವಂತ್ ಕ್ಲಾಸಲ್ಲಿದ್ದ," ಎಂದರು ಟೀಚರ್. "ನಾನು ಆವತ್ತು ಈ ಪುಸ್ತಕ ತೆರೆದು ನೋಡಲಿಲ್ಲ."

* * *

ಹನ್ನೊಂದು ಗಂಟೆಗೆ ಎಲ್ಲರೂ ಅದೇ ಬೆಂಚುಗಳಲ್ಲಿ ನಿನ್ನೆಯಂತೆಯೇ ಕುಳಿತಿದ್ದರು. ಹೇಳಿಕೆ ಪಡೆಯಲು ಎಂದು ರತ್ನಾವತಿ ಕರೆಸಿದ್ದಳು. ಸಿಸಿಲಿಯಾ ಟೀಚರ್ ಪುಸ್ತಕ ತೆರೆದರು.

ಆರನೆಯ ಹೆಸರು ಧನರಾಜ್. ಕೊನೆಯ ಬೆಂಚು. "ಎಸ್ ಟೀಚರ್."

ಹತ್ತೊಂಬತ್ತು. ಪ್ರಖ್ಯಾತ್, ಅದೇ ಬೆಂಚಿನಿಂದ, ಧನರಾಜನ ಪಕ್ಕದಿಂದ ಉತ್ತರಿಸಿದ.

"ನಿನ್ನೆ ಈ ಸ್ವರ ಬರಲಿಲ್ಲ," ಎಂದರು ಟೀಚರ್.

ಶರ್ಮಿಳಾ ನೋಡಿದ್ದು ಪ್ರಖ್ಯಾತನನ್ನಲ್ಲ, ಧನರಾಜನನ್ನು. ಅವನ ಮುಖ ಬಿಳಿಚಿತ್ತು.

"ನಾನು ಹೇಳಿದ್ದು ಮೇಡಂ," ಎಂದ ಧನರಾಜ್. "ಶಾಲೆಯಲ್ಲೂ ಅವನದ್ದು ನಾನೇ ಹೇಳ್ತಿದ್ದದ್ದು. ಬಾಯಿಗೆ ಬಂದುಬಿಟ್ಟಿತು. ಸಿಗರೇಟಿಗೆ ಹೋಗಿರಬೇಕು ಅಂತ ಗ್ರಹಿಸಿದೆ. ಇಪ್ಪತ್ತು ನಿಮಿಷ ಬಿಟ್ಟು ಹಿಂದಿನ ಬಾಗಿಲಿಂದ ಬಂದು ಕೂತ. ನಿನ್ನೆ ನೀವು ಕೇಳುವಾಗ... ಅದೊಂದು ದೊಡ್ಡ ವಿಷಯ ಅಂತ ನನಗೆ ಅನ್ನಿಸಲಿಲ್ಲ."

ಪ್ರಖ್ಯಾತ್ ಧನರಾಜನ ತಲೆಗೂದಲು ಹಿಡಿದು ಮುಖವನ್ನು ಡೆಸ್ಕಿಗೆ ಅಪ್ಪಳಿಸಿದ. ಮರಕ್ಕೆ ಹಲ್ಲು ಬಡಿದ ಸದ್ದು ಎಲ್ಲರಿಗೂ ಕೇಳಿತು. ಎರಡನೆಯ ಸಲ ಎತ್ತುವಷ್ಟರಲ್ಲಿ ರತ್ನಾವತಿಯ ಲಾಠಿ ಅವನ ಮೊಣಕೈಗೆ ಬಿತ್ತು. ಇಬ್ಬರು ಪೇದೆಗಳು ಅವನನ್ನು ನೆಲಕ್ಕೆ ಒತ್ತಿ ಕೋಳ ಹಾಕಿದರು.

"ಒಂದೇ ಒಂದು ಚುಕ್ಕಿ ನೋಡಿ ನನ್ನನ್ನು ಹಿಡಿಯುತ್ತೀರಾ?" ನೆಲದಿಂದಲೇ ಕೇಳಿದ.

"ಚುಕ್ಕಿ ಎಲ್ಲಿ ನೋಡಬೇಕು ಎಂದು ತೋರಿಸಿತು, ಅಷ್ಟೇ," ಎಂದಳು ಶರ್ಮಿಳಾ. ಮುಂದಿನದನ್ನು ಆ ಕೋಣೆಗೆ ಬಿಡಿಸಿ ಹೇಳಿದಳು.

ಹಾಜರಿ ಮುಗಿದ ಕೂಡಲೇ ರಿತೇಶ್ ಎದ್ದು ನಿಂತು ಸತ್ಯ ಹೇಳುವವನಿದ್ದ. ಅದಕ್ಕೆ ಮೊದಲು ಮಾತಾಡಬೇಕೆಂದು ಪ್ರಖ್ಯಾತ್ ಅವನನ್ನು ಹಳೆಯ ಪ್ರಯೋಗಾಲಯಕ್ಕೆ ಕರೆದ. ರಿತೇಶ್ ಒಪ್ಪಲಿಲ್ಲ. ತಿರುಗಿ ಹೊರಟ. ಬಾಗಿಲ ಬಳಿ ಎಳನೀರಿನ ರಾಶಿಯ ಮೇಲೆ ಯಶ್ವಂತನ ಕತ್ತಿ ಇತ್ತು. ಗಂಟೆ, ನಗು, ಮೈಕಿನ ಗದ್ದಲದಲ್ಲಿ ಕೂಗು ಯಾರಿಗೂ ಕೇಳಲಿಲ್ಲ. ಹನ್ನೊಂದು ಏಟು. ಪ್ರಖ್ಯಾತನ ಕೈ, ಮುಖ, ಟಿ-ಶರ್ಟ್ ತುಂಬ ರಕ್ತ. ಮಿಕ್ಕ ಟಿ-ಶರ್ಟುಗಳ ಪೆಟ್ಟಿಗೆ ಪಕ್ಕದ ಜಗಲಿಯಲ್ಲಿತ್ತು. ಹಿಂದಿನ ನಲ್ಲಿಯಲ್ಲಿ ತೊಳೆದುಕೊಂಡು ಹೊಸತೊಂದನ್ನು ಹಾಕಿದ.

"ಫೋಟೋದಲ್ಲಿ ಎಲ್ಲರ ಟಿ-ಶರ್ಟೂ ಬೆವರಿಗೆ ಮೈಗಂಟಿದೆ," ಎಂದು ಶರ್ಮಿಳಾ ಮೊಬೈಲು ತೋರಿಸಿದಳು. "ಇವರದ್ದರಲ್ಲಿ ಮಾತ್ರ ಪ್ಯಾಕೆಟ್ಟಿನ ಮಡಿಕೆಗಳು ಚೌಕ ಚೌಕವಾಗಿ ಕಾಣುತ್ತವೆ. ಕಾಪುವಿನ ಸೆಕೆಯಲ್ಲಿ ಎರಡು ಗಂಟೆ ತೊಟ್ಟ ಬಟ್ಟೆಯಲ್ಲಿ ಮಡಿಕೆ ನಿಲ್ಲುವುದಿಲ್ಲ. ಮೊದಲಿನದ್ದು ಇವತ್ತು ಬೆಳಿಗ್ಗೆ ಸಿಕ್ಕಿತು. ಎಳನೀರು ಕುಡಿದು ಎಸೆದ ಬೊಂಡದ ರಾಶಿಯ ಅಡಿಯಲ್ಲಿ. ಅದರಲ್ಲಿರುವುದು ಯಾರ ರಕ್ತ, ಕಂಕುಳಲ್ಲಿ ಯಾರ ಬೆವರು, ವಿಧಿವಿಜ್ಞಾನ ಪ್ರಯೋಗಾಲಯ ಹೇಳುತ್ತದೆ."

ಅವಳು ಪ್ರಖ್ಯಾತನ ಕಡೆ ಬಾಗಿದಳು.

"ಯಶ್ವಂತನಿಗೆ ಮೊದಲ ಏಟು ಹಾಕಿದ್ದು ನೀವು. ಹೊಸ ಟಿ-ಶರ್ಟಿನಲ್ಲೂ, ಶೂವಿನಲ್ಲೂ ರಕ್ತ ಉಳಿದಿದ್ದರೆ ಅದಕ್ಕೊಂದು ಕಾರಣ ಬೇಕಿತ್ತು ಅಲ್ವಾ?"

ಪ್ರಖ್ಯಾತ್ ಕಣ್ಣು ಮುಚ್ಚಿಕೊಂಡ. "ಸಾವಿರದೈನೂರು ಮಕ್ಕಳಿದ್ದಾರೆ ನನ್ನ ಕಾಲೇಜಿನಲ್ಲಿ," ಎಂದ. "ಒಂದು ಮಾತಿನಲ್ಲಿ ಎಲ್ಲ ಮುಗಿಸ್ತೇನೆ ಅಂದ ರಿತೇಶ್."

* * *

ಪ್ರಖ್ಯಾತನನ್ನು ಕರೆದೊಯ್ಯುವಾಗ ಯಶ್ವಂತ್ ಬಾಗಿಲ ಹೊರಗೆ ನಿಂತಿದ್ದ. ಎರಡು ಗಂಟೆಯೊಳಗೆ ಉಡುಪಿಯಲ್ಲಿ ನ್ಯಾಯಾಧೀಶರ ಎದುರು ನಿಲ್ಲಬೇಕಾದವನು ಬೇರೆಯವನೆಂದು ರತ್ನಾವತಿ ಆಗಲೇ ಅವನಿಗೆ ಹೇಳಿದ್ದಳು. ಒಂದು ಕಣ್ಣು ಊದಿ ಮುಚ್ಚಿತ್ತು. ಮಾತಾಡಿಸಲು ಬಂದ ಧನರಾಜ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅವನ ಎದುರು ನಿಂತ. ನಿನ್ನೆ ಒದ್ದವರು ನೆಲ ನೋಡುತ್ತಿದ್ದರು.

ಸಿಸಿಲಿಯಾ ಟೀಚರ್ ಎದ್ದಿರಲಿಲ್ಲ. ಪುಸ್ತಕವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಬೆರಳಿನಿಂದ ಸಾಲು ಹುಡುಕಿದರು.

"ಇಪ್ಪತ್ತೇಳು," ಎಂದರು. "ಯಶ್ವಂತ್."

ಯಾರೂ ಅವನ ಬದಲಿಗೆ ಉತ್ತರಿಸಲಿಲ್ಲ. ಅವನು ಚಪ್ಪಲಿಯನ್ನು ಹೊರಗೆ ಬಿಟ್ಟ. ಹೊಸ್ತಿಲು ದಾಟಿದ. ಎರಡನೆಯ ಸಾಲಿನ ಬೆಂಚಿನ ಬಳಿ ಬಂದು, ಕೈ ಕಟ್ಟಿ ನಿಂತ.

"ಎಸ್ ಟೀಚರ್."

ಸ್ವರ ಎಲ್ಲಿಂದ ಬಂತೆಂದು ಟೀಚರ್ ಒಂದು ಕ್ಷಣ ತಲೆ ಓರೆ ಮಾಡಿ ಕೇಳಿದರು. ಆಮೇಲೆ ಆ ಹೆಸರಿನ ಎದುರು ಒಂದು ಓರೆಗೆರೆ ಎಳೆದರು.