ಒಬ್ಬನೇ ಓದಿದ ಓಲೆ

“ಓದುವವ ಒಬ್ಬ, ಅರ್ಥ ಹೇಳುವವ ಇನ್ನೊಬ್ಬ. ಎರಡನ್ನೂ ಒಬ್ಬನೇ ಮಾಡಬಾರದು ಮಾಸ್ಟ್ರೇ. ಈ ಓಲೆಕಟ್ಟಿಗೆ ಮಾಟ ಉಂಟು,” ಎಂದರು ಲೋಕಯ್ಯ.

ಕಮಲಾಕ್ಷ ನಕ್ಕ. “ಗೆದ್ದಲಿಗೆ ಹೇಳಿದ್ದೀರಾ? ಅದು ಒಬ್ಬನೇ ಓದಿ ಮುಗಿಸಿದ ಹಾಗೆ ಕಾಣ್ತದೆ.”

“ನಗಿ. ಹಿಂದೆ ಅರ್ಥ ಹೇಳಿದವ ಓದಿದವನ ಹೆಸರನ್ನು ಕೆರೆದು ಹಾಕಿದನಂತೆ. ಓದಿದವ ಮಾಟ ಮಾಡಿಸಿದ. ಮತ್ತೆ ಎಂಥ ಆಯ್ತೂಂತ ನಮ್ಮ ಅಜ್ಜ ಹೇಳ್ತಿರಲಿಲ್ಲ.”

1958ರ ಸೆಪ್ಟೆಂಬರ್. ಕಮಲಾಕ್ಷ ಕನ್ನಡ ಪಂಡಿತನಾಗಿ ಮೂಡುಬಿದಿರೆಗೆ ಬಂದು ಮೂರು ತಿಂಗಳಾಗಿತ್ತು. ಲೋಕಯ್ಯನವರ ಮನೆಯ ತಾಳೆಗರಿ ಕಾವ್ಯದ ಹಳಗನ್ನಡ ಪದಗಳಿಗೆ ಅರ್ಥಕೋಶ ಸಿದ್ಧಪಡಿಸುತ್ತಿದ್ದ. ಎಪ್ಪತ್ತರ ಲೋಕಯ್ಯ ಓದುವರು, ಇವನು ಅರ್ಥ ಬರೆಯುವನು. ಸವೆದ ಅಕ್ಷರ ಹಿಡಿಯುವ ಕಣ್ಣು ಅವರದು. ಆದರೆ ಮಂಗಳೂರಿನ ಮುದ್ರಕರಿಗೆ ಹೋದ ಕಾಗದದಲ್ಲಿ ಇದ್ದದ್ದು ಒಂದೇ ಹೆಸರು. ಪುಸ್ತಕದ ಮೇಲೆ ತನ್ನ ಹೆಸರು: ಹತ್ತು ವರ್ಷಗಳಿಂದ ಕಮಲಾಕ್ಷ ಬೇರೇನನ್ನೂ ಬಯಸಿರಲಿಲ್ಲ.

ಕೊನೆಯ ಓಲೆ ಉಳಿದಿರುವಾಗ ಲೋಕಯ್ಯ ಜ್ವರ ಬಂದು ಮಲಗಿದರು. ಕಮಲಾಕ್ಷ ಕೇಳದೆಯೇ ಕಟ್ಟನ್ನು ಮನೆಗೆ ತಂದ.

ಸಂಜೆ ಆರೂವರೆ. ಓಲೆಯಿಂದ ಮಸಿಯ, ಹಳೆಯ ಎಣ್ಣೆಯ ವಾಸನೆ. ಅದರಡಿಯಲ್ಲಿ ಸುಟ್ಟ ಕೂದಲಿನದು.

“ಸೊಡರ್,” ಎಂದು ಓದಿದ. ‘ದೀಪ’ ಎಂದು ಬರೆದ.

ಎದುರಿಗೆ ಚಿಮಿಣಿ ದೀಪ ಉರಿಯುತ್ತಲೇ ಇತ್ತು. ಅದು ಏನೆಂದು ಅವನಿಗೆ ತಿಳಿಯಲಿಲ್ಲ. ಬೆರಳು ಚಾಚಿ ಮುಟ್ಟಿದ. ಚರ್ಮ ಚುರ್ರೆಂದಿತು. ದಣಿವು ಎಂದುಕೊಂಡ.

“ಕೂೞ್.” ‘ಅನ್ನ’ ಎಂದು ಬರೆದ.

ಹೆಂಡತಿ ಪ್ರಫುಲ್ಲಾ ಬಟ್ಟಲು ತಂದಿಟ್ಟಳು. ದಪ್ಪ ಕಾಳುಗಳ ರಾಶಿ ಹಬೆಯಾಡುತ್ತಿತ್ತು.

“ಇದೆಂಥದು?”

“ನಿಮ್ಮ ತಲೆ,” ಎಂದು ನಕ್ಕವಳು ಅವನ ಮುಖ ಕಂಡಳು. ಬೊಬ್ಬೆ ಎದ್ದ ಬೆರಳನ್ನೂ ಕಂಡಳು. “ಆ ಓಲೆ ಮುಚ್ಚಿ ಮಾರಾಯ್ರೆ.”

ಮುಚ್ಚಬಹುದಿತ್ತು. ಮಾಟ ಸುಳ್ಳಲ್ಲವೆಂದು, ಬರೆದ ಪದದ ಅರ್ಥ ತನ್ನಿಂದ ಹೋಗುತ್ತದೆಂದು ಈಗ ಅವನಿಗೂ ಗೊತ್ತಾಗಿತ್ತು. ಉಳಿದದ್ದು ಒಂದು ಪದ. ಲೋಕಯ್ಯ ಎದ್ದು ಬಂದು ಓದಿದರೆ, ಮುಗಿಸಿದವರು ಇಬ್ಬರಾಗುತ್ತಾರೆ.

ಓಲೆಯ ಮೇಲೆ ಬಗ್ಗಿದ. ಕಿವಿಯ ಹಿಂದೆ ಯಾರದೋ ಒಣ ಉಸಿರು. ತುಟಿ ತೆರೆದ. ಅವನಿಗಿಂತ ಮೊದಲು ಆ ಉಸಿರು ಓದಿತು.

“ಪೆಸರ್.”

ಕಮಲಾಕ್ಷ ತಾನೂ ಓದಿದ. ಬರೆದ. ‘ಹೆಸರು.’

ಚಿಮಿಣಿ ಆರಿತು. ಕತ್ತಲೆ. ಓಲೆಗಳು ತಾವಾಗಿ ಮಗುಚಿಕೊಂಡವು. ಸರ್. ಸರ್. ಸರ್.

ಪ್ರಫುಲ್ಲಾ ಕರೆದಳು. ಮದುವೆಯಾಗಿ ಆರು ವರ್ಷ, ಎಂದೂ ಗಂಡನ ಹೆಸರು ಹೇಳದವಳು ಹೇಳಿದಳು. “ಕಮಲಾಕ್ಷ.” ಮತ್ತೆ ಹೇಳಿದಳು. ಅವನು ತಿರುಗಿ ನೋಡಲಿಲ್ಲ.

ಜನವರಿಯಲ್ಲಿ ಪುಸ್ತಕ ಬಂತು. ರಕ್ಷಾಪುಟದಲ್ಲಿ ಒಂದೇ ಹೆಸರು, ದಪ್ಪಕ್ಷರದಲ್ಲಿ. ಗುಣವಾಗಿ ಎದ್ದಿದ್ದ ಲೋಕಯ್ಯ ಅವನ ಪಕ್ಕ ಕುಳಿತು ಅದನ್ನು ನಿಧಾನವಾಗಿ, ಎರಡು ಸಲ, ಗಟ್ಟಿಯಾಗಿ ಓದಿದರು.

ಅವನು ಅವರ ಬಾಯನ್ನೇ ನೋಡುತ್ತಿದ್ದ.

ಓದುವವರು ಓದಿದ್ದರು. ಅರ್ಥ ಹೇಳುವವ ಅಲ್ಲಿರಲಿಲ್ಲ.